ನಗರ್, ಸಿಮುಗ್, ದಮ್‌ಗರ್: ಮೂರಕ್ಕೂ ಮೂಲ ಒಂದೇ ಅಲ್ಲ

ಈಗಿನ ದಕ್ಷಿಣ ಇರಾಕಿನಲ್ಲಿ ಪ್ರಾಚೀನ ಕಾಲದಲ್ಲಿದ್ದ ಸುಮೇರಿಯನ್ ಭಾಷೆಯ ನಗರ್ (ಬಡಗಿ), ಸಿಮುಗ್ (ಕಮ್ಮಾರ), ದಮ್‌ಗರ್ (ವ್ಯಾಪಾರಿ) ಪದಗಳು ಸುಮೇರಿಯನ್ನರಿಗಿಂತ ಮುಂಚೆ ಅಲ್ಲಿದ್ದ ಜನರದ್ದಾ ಅಂತ ಕೇಳಿದ್ದೀರಿ. ದಯವಿಟ್ಟು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನೀವು ಓದಿರುವುದು 1940ರ ದಶಕದ, ಪ್ರಾಚೀನ ಮೆಸೊಪೊಟೇಮಿಯಾದ ವಿದ್ವಾಂಸ ಬೆನ್ನೋ ಲಾಂಡ್ಸ್‌ಬರ್ಗರ್ ಅವರ ವಾದ ಇರಬೇಕು. ಸುಮೇರಿಯನ್ ಬೇರುಪದಗಳು ಜಾಸ್ತಿ ಚಿಕ್ಕವು, ಕಸುಬಿನ ಹೆಸರುಗಳು ಉದ್ದ, ಹಾಗಾಗಿ ಇವು ಹಳೆಯ ಬೇರೆ ಭಾಷೆಯವು ಅಂತ. 1999ರಲ್ಲಿ ಇನ್ನೊಬ್ಬ ವಿದ್ವಾಂಸ ಗೊನ್ಸಾಲೊ ರುಬಿಯೊ ಆ ಪದಗಳನ್ನು ಬಿಡಿಸಿ ನೋಡಿ, ಹಾಗೊಂದು ಭಾಷೆ ಇತ್ತು ಅನ್ನಲು ಆಧಾರ ಸಾಲದು ಎಂದರು. ನನಗೂ ಅದೇ ಸರಿ ಅನಿಸುತ್ತದೆ.

ದಮ್‌ಗರ್ ನೋಡಿ. ಅದೇ ನಾಡಿನ ಇನ್ನೊಂದು ಪ್ರಾಚೀನ ಭಾಷೆ ಅಕ್ಕಾಡಿಯನ್ನಿನಲ್ಲಿ ಇದು ತಮ್‌ಕಾರುಮ್. ಒಳಗಿರುವುದು ಮ-ಕ-ರ ಎಂಬ ಸೆಮಿಟಿಕ್ (ಅಕ್ಕಾಡಿಯನ್, ಅರಾಮಿಕ್, ಅರಬ್ಬಿ ಸೇರಿದ ಭಾಷಾ ಕುಟುಂಬ) ಧಾತು, ವ್ಯಾಪಾರ ಮಾಡು ಎಂದರ್ಥ. ಪದದ ಮೊದಲಲ್ಲಿರುವ ತ ಬರೀ ಪ್ರತ್ಯಯ. ಅಂದರೆ ಪದ ಸೆಮಿಟಿಕ್ ಕಡೆಯಿಂದ ಸುಮೇರಿಯನ್ನಿಗೆ ಬಂದಿದೆ, ಅಲ್ವಾ?

ಇದಕ್ಕೆ ಎದುರಾಗಿ ದುಬ್‌ಸರ್ ಅಪ್ಪಟ ಸುಮೇರಿಯನ್. ದುಬ್ ಎಂದರೆ ಮಣ್ಣಿನ ಹಲಗೆ, ಸರ್ ಎಂದರೆ ಬರೆ. ಹಲಗೆ ಬರೆಯುವವನು, ಲಿಪಿಕಾರ. ಎಷ್ಟು ಚೆಂದ ಬಿಡಿಸಿಕೊಳ್ಳುತ್ತದೆ!

ನಗರ್, ಸಿಮುಗ್ ಹೀಗೆ ಸುಲಭವಾಗಿ ಒಡೆಯುವುದಿಲ್ಲ. ನಿಜವಾದ ಒಗಟು ಇಂಥವೇ. ಆದರೆ ನಗರ್ ಮುಂದೆ ಎಲ್ಲಿಗೆ ಹೋಯಿತು ಎಂಬುದು ಸ್ಪಷ್ಟ: ಅಕ್ಕಾಡಿಯನ್ನಿನ ನಗ್ಗಾರು, ಅಲ್ಲಿಂದ ಅರಾಮಿಕ್, ಆಮೇಲೆ ಅರಬ್ಬಿಯ ನಜ್ಜಾರ್. ಗಲ್ಫ್‌ನಲ್ಲಿ ಕೆಲಸ ಮಾಡಿದವರು ಬಡಗಿಯನ್ನು ಹಾಗೆ ಕರೆಯುವುದನ್ನು ಕೇಳಿರುತ್ತಾರೆ. ನಮ್ಮ 'ನಗರ'ದ ಜೊತೆ ಮಾತ್ರ ಸುಮ್ನೆ ಗಂಟು ಹಾಕಬೇಡಿ, ಅದು ಸಂಸ್ಕೃತದಿಂದ ಬಂದ ಪದ.

ಇನ್ನೊಂದು ಪದ ಸಿಕ್ಕರೆ ಮೊದಲು ಅದರ ಅಕ್ಕಾಡಿಯನ್ ರೂಪ ಹುಡುಕಿ. ಅಲ್ಲಿ ಸೆಮಿಟಿಕ್ ಧಾತು ಕಂಡರೆ ಅರ್ಧ ಕೆಲಸ ಮುಗಿದಂತೆ.