ಚಂದಾ ಕಟ್ಟದವರ ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳ ಸುಮ್ಮನಿರಬಹುದೇ?

ಇರಬಾರದು; ಹಣ ವಸೂಲಿಗೆ ಬೇರೆ ದಾರಿಗಳಿವೆ. ಅಮೆರಿಕದ ಟೆನೆಸೀ ರಾಜ್ಯದ ಸೌತ್ ಫುಲ್ಟನ್ ಪಟ್ಟಣದ ಅಗ್ನಿಶಾಮಕ ದಳವು ಊರಾಚೆಯ ಗ್ರಾಮೀಣ ಮನೆಗಳಿಗೆ ವರ್ಷಕ್ಕೆ 75 ಡಾಲರ್ ಚಂದಾ ಪಡೆದು ಸೇವೆ ನೀಡುತ್ತಿತ್ತು. 2010ರಲ್ಲಿ, ಚಂದಾ ಕಟ್ಟಿರದ ಮನೆಯೊಂದು ಹೊತ್ತಿ ಉರಿಯುವಾಗ, ಎಷ್ಟಾದರೂ ಕೊಡುತ್ತೇನೆಂದು ಮನೆಯವರು ಅಂಗಲಾಚಿದರೂ ದಳ ಬರಲಿಲ್ಲ. ಕಿಡಿ ಚಂದಾದಾರರಾದ ನೆರೆಯವರ ಹೊಲಕ್ಕೆ ಹಾರಿದ ಮೇಲೆ ಬಂದು, ಆ ಹೊಲವನ್ನಷ್ಟೇ ಉಳಿಸಿತು. ಮನೆ ಬೂದಿಯಾಯಿತು; ಸಾಕುನಾಯಿಗಳೂ ಸತ್ತವು.

ದಳದ ವಾದದಲ್ಲಿ ಹುರುಳಿಲ್ಲದಿಲ್ಲ: ಬೆಂಕಿ ಬಿದ್ದ ದಿನ 75 ಡಾಲರ್ ಕೊಟ್ಟರೆ ಸಾಕೆಂದಾದರೆ ಯಾರೂ ಮುಂಚಿತವಾಗಿ ಕಟ್ಟುವುದಿಲ್ಲ, ಆದರೆ ವಾಹನ, ನೀರು, ಸಿಬ್ಬಂದಿಯ ಸಂಬಳದ ಖರ್ಚು ಬೆಂಕಿಯಿಲ್ಲದ ದಿನವೂ ತಪ್ಪದು. ತೊಡಕಿರುವುದು ಬೆಂಕಿಯ ಗುಣದಲ್ಲಿ. ಅದು ಚಂದಾದಾರರ ಪಟ್ಟಿ ನೋಡಿ ಹರಡುವುದಿಲ್ಲವಾದ್ದರಿಂದ, ಒಂದು ಮನೆಯನ್ನು ಉರಿಯಲು ಬಿಡುವುದೆಂದರೆ ಕಟ್ಟಿದವರನ್ನೂ ಅಪಾಯಕ್ಕೆ ಒಡ್ಡಿದಂತೆ. ಆದ್ದರಿಂದಲೇ ಈ ವೆಚ್ಚವನ್ನು ಆಸ್ತಿ ತೆರಿಗೆಯೊಡನೆ ಎಲ್ಲರಿಂದಲೂ ಪಡೆಯುವುದು ಲೇಸು. ತೆರಿಗೆಗೆ ಜನ ಒಪ್ಪದ ಕಡೆ, ಮೊದಲು ಬೆಂಕಿ ನಂದಿಸಿ, ಚಂದಾ ಕಟ್ಟದವರಿಗೆ ಆಮೇಲೆ ಪೂರ್ತಿ ಖರ್ಚಿನ ಬಿಲ್ಲು ಕಳುಹಿಸಬಹುದು. ಆ ಮೊತ್ತ ಚಂದಾಕ್ಕಿಂತ ಹಲವು ಪಟ್ಟು ಇರುವುದರಿಂದ ಮುಂಚಿತವಾಗಿ ಕಟ್ಟುವ ಆಸೆಯೂ ಉಳಿಯುತ್ತದೆ.