ಮದ್ದೂರಿನ ಮೇಲೆ ಬಂದಾಗ ವಾಚ್ ನೋಡಿ

ಪ್ರಶ್ನೆ: ನಾನು ಪೈಲಟ್ ತರಬೇತಿಯಲ್ಲಿದ್ದೇನೆ. ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ ನೇರ ದಾರಿ ಸುಮಾರು 75 ನಾಟಿಕಲ್ ಮೈಲು, ಟ್ರ್ಯಾಕ್ (ನೆಲದ ಮೇಲಿನ ದಾರಿಯ ದಿಕ್ಕು) 227 ಡಿಗ್ರಿ. 50 ನಿಮಿಷದಲ್ಲಿ ತಲುಪಬೇಕು. ಗಾಳಿ 270 ಡಿಗ್ರಿಯಿಂದ 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲು). ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ) 90 ಬೇಕು, ಅದಕ್ಕೆ 25 ಕೂಡಿಸಿ ಏರ್‌ಸ್ಪೀಡ್ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ) 115 ಎಂದು ಬರೆದೆ. ತಪ್ಪು ಎಂದರು. ಎಲ್ಲಿ ತಪ್ಪಿದೆ? ವಾಪಸ್ ಬರುವಾಗ ಹೇಗೂ ಗಾಳಿ ಬೆನ್ನಿಗಿರುವುದರಿಂದ ಒಟ್ಟು ಸಮಯ ಸರಿಹೋಗುವುದಿಲ್ಲವೇ?

ಉತ್ತರ: 90ರ ತನಕ ನಿಮ್ಮ ಲೆಕ್ಕ ಸರಿ. ಆಮೇಲೆ ಇಡೀ ಗಾಳಿಯನ್ನು ಎದುರುಗಾಳಿ ಎಂದುಕೊಂಡಿರಿ. ಮುಂಗಾರಿನ ಆ ಪಡುವಣ ಗಾಳಿ ನಿಮ್ಮ ಮೂಗಿಗೆ ನೇರವಾಗಿ ಬರುತ್ತಿಲ್ಲ, ಬಲಗಡೆಯಿಂದ 43 ಡಿಗ್ರಿ ಓರೆಯಾಗಿ ಬರುತ್ತಿದೆ. ಅದನ್ನು ಎರಡಾಗಿ ಒಡೆಯಬೇಕು. 25ನ್ನು 43ರ ಕೊಸೈನ್‌ನಿಂದ ಗುಣಿಸಿದರೆ ಎದುರುಗಾಳಿ 18 ನಾಟ್, ಸೈನ್‌ನಿಂದ ಗುಣಿಸಿದರೆ ಅಡ್ಡಗಾಳಿ 17 ನಾಟ್.

ಈಗ 90ಕ್ಕೆ 18 ಸೇರಿಸಿ, 108. ಇಷ್ಟಕ್ಕೇ ನಿಲ್ಲಿಸಬೇಡಿ. ಅಡ್ಡಗಾಳಿಯನ್ನು ತಡೆದುಕೊಳ್ಳಲೂ ವೇಗ ಖರ್ಚಾಗುತ್ತದೆ. 108ರ ವರ್ಗಕ್ಕೆ 17ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 110. ನಿಮಗೆ ಬೇಕಾದ ಟ್ರೂ ಏರ್‌ಸ್ಪೀಡ್ ಅದು. 17ನ್ನು 110ರಿಂದ ಭಾಗಿಸಿದರೆ ಬರುವುದು ತಿರುಗಬೇಕಾದ ಕೋನದ ಸೈನ್, ಆ ಕೋನ 9 ಡಿಗ್ರಿ. ಮೂಗನ್ನು ಅಷ್ಟು ಬಲಕ್ಕೆ, ಗಾಳಿ ಬರುವ ಕಡೆಗೆ ತಿರುಗಿಸಿ: ಹೆಡಿಂಗ್ 236.

ವೇಗದಲ್ಲಿ 5 ನಾಟ್ ತಪ್ಪಿದ್ದಕ್ಕಿಂತ, ನಿಮ್ಮ ಉತ್ತರದಲ್ಲಿ ಹೆಡಿಂಗ್‌ನ ಮಾತೇ ಇಲ್ಲದಿರುವುದು ನನಗೆ ಹೆಚ್ಚು ಆತಂಕ ತಂದಿತು. ತಿದ್ದದೆ 227ರಲ್ಲೇ 110 ನಾಟ್‌ನಲ್ಲಿ ಹಾರಿದರೆ 50 ನಿಮಿಷದಲ್ಲಿ ಗಾಳಿ ನಿಮ್ಮನ್ನು 14 ನಾಟಿಕಲ್ ಮೈಲು, ಅಂದರೆ 26 ಕಿ.ಮೀ. ಎಡಕ್ಕೆ ತಳ್ಳಿರುತ್ತದೆ. ರನ್‌ವೇ ಹುಡುಕುತ್ತ ಕೆಳಗೆ ನೋಡಿದರೆ ಕಾಣುವುದು ನಂಜನಗೂಡಿಗೂ ಚಾಮರಾಜನಗರಕ್ಕೂ ನಡುವಿನ ಹೊಲಗಳು.

ಇನ್ನೊಂದು ಮಾತು. ಏರ್‌ಸ್ಪೀಡ್ ಇಂಡಿಕೇಟರ್‌ನ ಮುಳ್ಳನ್ನು 110ಕ್ಕೆ ತರಬೇಡಿ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಸಾವಿರ ಅಡಿಗೆ ಶೇ. 2ರ ಲೆಕ್ಕ ಹಿಡಿದರೆ 6500 ಅಡಿಯಲ್ಲಿ ಶೇ. 13 ವ್ಯತ್ಯಾಸ. ಮುಳ್ಳು 97ರ ಹತ್ತಿರ ಇದ್ದರೆ ಸಾಕು.

ವಾಪಸ್ ಪ್ರಯಾಣದ ಲೆಕ್ಕವೂ ಸರಿಹೋಗುವುದಿಲ್ಲ. ಅದೇ 110ರಲ್ಲಿ ಬಂದರೆ ಗ್ರೌಂಡ್ ಸ್ಪೀಡ್ 127, ಸಮಯ 35 ನಿಮಿಷ. ಹೋಗಿಬರಲು 85 ನಿಮಿಷವಾಯಿತು. ಗಾಳಿಯೇ ಇಲ್ಲದ ದಿನ 82 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು. ಜೊತೆಗೆ ಅಡ್ಡಗಾಳಿ ಎರಡೂ ಕಡೆ ತನ್ನ ಪಾಲು ಕಿತ್ತುಕೊಳ್ಳುತ್ತದೆ.

ಇದೆಲ್ಲ ನೇರ ಗೆರೆಯ ಲೆಕ್ಕ. ಏರುವ ಹೊತ್ತನ್ನು ಇದರಲ್ಲಿ ಹಿಡಿದಿಲ್ಲ, ನಿಜವಾದ ದಾರಿಯನ್ನು ಕಂಟ್ರೋಲರ್ ಹೇಳುತ್ತಾರೆ. ಮುನ್ಸೂಚನೆಯ ಗಾಳಿಯೂ ಹೇಳಿದಂತೆಯೇ ಬೀಸುತ್ತದೆ ಎನ್ನುವಂತಿಲ್ಲ. ಅದಕ್ಕೇ ಮದ್ದೂರನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಗೆರೆ ಸರಿಯಾಗಿ ಊರಿನ ಮೇಲೇ ಹೋಗುತ್ತದೆ, ಶಿಂಷಾ ನದಿಯೂ ರೈಲು ಹಳಿಯೂ ಕೆಳಗೆ ಕಾಣುತ್ತವೆ. ಜಕ್ಕೂರಿನಿಂದ 44 ನಾಟಿಕಲ್ ಮೈಲು, 90 ನಾಟ್‌ಗೆ 29 ನಿಮಿಷ. ಅಲ್ಲಿಗೆ ಬರುವಾಗ ವಾಚ್ 32 ತೋರಿಸಿದರೆ ನಿಮ್ಮ ಗ್ರೌಂಡ್ ಸ್ಪೀಡ್ ಬರೀ 82, ಅಂದರೆ ಎದುರುಗಾಳಿ ಎಣಿಸಿದ್ದಕ್ಕಿಂತ ಸುಮಾರು 8 ನಾಟ್ ಹೆಚ್ಚು. ಉಳಿದ 31 ಮೈಲನ್ನು 18 ನಿಮಿಷದಲ್ಲಿ ಮುಗಿಸಲು ಗ್ರೌಂಡ್ ಸ್ಪೀಡ್ 103 ಬೇಕು, ಆ ಗಾಳಿಯಲ್ಲಿ ಅದಕ್ಕೆ 130 ನಾಟ್ ಆಸುಪಾಸಿನ ಏರ್‌ಸ್ಪೀಡ್ ಬೇಕು. ತರಬೇತಿಯ ಸಣ್ಣ ವಿಮಾನ ಸೆಸ್ನಾ 172ರ ಕ್ರೂಸ್‌ನಲ್ಲಿ (ಮಾಮೂಲಿ ಹಾರಾಟದ ವೇಗದಲ್ಲಿ) ಅದು ಆಗದ ಮಾತು. ಥ್ರಾಟಲ್ ತಳ್ಳಬೇಡಿ. 50 ಅಲ್ಲ, 55 ನಿಮಿಷ ಎಂದು ರೇಡಿಯೋದಲ್ಲಿ ಹೊಸ ಸಮಯ ತಿಳಿಸಿ, ಆ ಐದು ನಿಮಿಷದ ಇಂಧನವನ್ನು ಅಲ್ಲೇ ಲೆಕ್ಕ ಹಾಕಿಕೊಳ್ಳಿ.