ಬರ್ಕ್ಲಿ ಬೇಡವೆಂದಿತು; ಮಗ ಹಿಂತಿರುಗಿ ಬರಬೇಕೇ?

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತು ವರ್ಷ. ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿದ ಮೇಲೆ, ನೇರವಾಗಿ ವಿಶ್ವವಿದ್ಯಾಲಯ ಸೇರಿದರೆ ಖರ್ಚು ಹೆಚ್ಚೆಂದು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿಗೆ ಸೇರಿದ. ಎರಡು ವರ್ಷ ಅಲ್ಲಿ ಓದಿ, ಮೂರನೆಯ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ (ಯುಸಿ) ವರ್ಗಾವಣೆ ಪಡೆಯಬೇಕೆಂಬುದು ಅವನ ಉದ್ದೇಶವಾಗಿತ್ತು. ಕಂಪ್ಯೂಟರ್ ಸೈನ್ಸ್‌ಗೆಂದು ಅದರ ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಈ ಮೂರು ಕ್ಯಾಂಪಸ್‌ಗಳಿಗೇ ಅರ್ಜಿ ಹಾಕಿದ್ದ. ಏಪ್ರಿಲ್ ಮುಗಿಯುವುದರೊಳಗೆ ಮೂರೂ ಕಡೆಯಿಂದ ನಿರಾಕರಣೆ ಬಂದಿದೆ. ಜಿಪಿಎ (ಸರಾಸರಿ ಅಂಕ) ನಾಲ್ಕಕ್ಕೆ 3.6 ಇದೆ. ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಟ್ಟ ಐ-20 ಪತ್ರದಲ್ಲಿ ಕೋರ್ಸು ಮುಗಿಯುವ ದಿನಾಂಕ ಜೂನ್ ಕೊನೆ ಎಂದಿದೆ. ಮೇಲ್ಮನವಿ ಹಾಕುತ್ತೇನೆ, ಆಗದಿದ್ದರೆ ಇನ್ನೊಂದು ವರ್ಷ ಇದ್ದು ಮತ್ತೆ ಬರ್ಕ್ಲಿಗೇ ಪ್ರಯತ್ನಿಸುತ್ತೇನೆ ಎನ್ನುತ್ತಾನೆ. ನಮ್ಮ ಯಜಮಾನರು, ಖರ್ಚು ಮಾಡಿದ್ದು ಸಾಕು, ಬಂದು ಇಲ್ಲಿಯೇ ಎಂಜಿನಿಯರಿಂಗ್ ಸೇರಲಿ ಎನ್ನುತ್ತಾರೆ. ನಾನೇ ಆ ಕಾಲೇಜಿಗೆ ಬರೆದು ವಿಚಾರಿಸಬಹುದೇ? ನೆಂಟರು ಕೇಳಿದರೆ ಏನು ಹೇಳುವುದೆಂದೂ ತಿಳಿಯುತ್ತಿಲ್ಲ.
– ಓದುಗರು, ರಾಜಾಜಿನಗರ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಿನ ಸಾಲು ಐ-20 ಪತ್ರದ ದಿನಾಂಕದ್ದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿಗೆ ಕೋರ್ಸು ಮುಗಿದ ಬಳಿಕ 60 ದಿನಗಳ ಕಾಲಾವಕಾಶವಿರುತ್ತದೆ. ಆ ಅವಧಿಯೊಳಗೆ ಅವನು ದೇಶ ಬಿಡಬೇಕು, ಇಲ್ಲವೇ ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ವ್ಯವಸ್ಥೆಯಲ್ಲಿರುವ ತನ್ನ ದಾಖಲೆಯನ್ನು ಪ್ರವೇಶ ಕೊಟ್ಟ ಮತ್ತೊಂದು ಸಂಸ್ಥೆಗೆ ವರ್ಗಾಯಿಸಿಕೊಳ್ಳಬೇಕು. ಈಗಿನ ಕಾಲೇಜಿನಲ್ಲೇ ಮುಂದುವರಿಯುವುದಾದರೆ ಐ-20 ವಿಸ್ತರಣೆಯನ್ನು ಅದರಲ್ಲಿ ನಮೂದಾಗಿರುವ ಕೊನೆಯ ದಿನಕ್ಕೆ ಮೊದಲೇ ಪಡೆದಿರಬೇಕು. ವಿಸ್ತರಣೆಗೆ ಶೈಕ್ಷಣಿಕ ಕಾರಣ ಬೇಕಾಗುತ್ತದೆ. ಬಯಸಿದ ವಿಶ್ವವಿದ್ಯಾಲಯ ಸಿಗಲಿಲ್ಲ ಎಂಬ ಬೇಸರ ಆ ಲೆಕ್ಕಕ್ಕೆ ಬರುವುದಿಲ್ಲ. ವರ್ಗಾವಣೆಗೆ ಅಗತ್ಯವಾದ ಇಂತಿಂಥ ವಿಷಯಗಳು ಇನ್ನೂ ಉಳಿದಿವೆ ಎಂದು ಕಾಗದದ ಮೇಲೆ ತೋರಿಸಿದರೆ ಮಾತು ಮುಂದುವರಿದೀತು. ಇದನ್ನು ತೀರ್ಮಾನಿಸುವವರು ಆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿರುವ, ಡಿಎಸ್‌ಒ ಎಂದು ಕರೆಯಲ್ಪಡುವ ಅಧಿಕಾರಿ. ಮಗ ಈ ವಾರವೇ ಅವರನ್ನು ಕಾಣಲಿ. ನೀವು ಬರೆದರೆ ಪ್ರಯೋಜನವಾಗಲಾರದು. ಅಮೆರಿಕದ 1974ರ ಕಾನೂನಿನ ಪ್ರಕಾರ ಕಾಲೇಜು ಸೇರಿದವನ ಶೈಕ್ಷಣಿಕ ದಾಖಲೆಯ ಹಕ್ಕು ಅವನದೇ ಆಗಿದ್ದು, ಅವನ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ತಂದೆತಾಯಿಗೂ ವಿವರ ಕೊಡುವುದಿಲ್ಲ. ನಮ್ಮಲ್ಲಿ ಪ್ರಾಂಶುಪಾಲರ ಕೋಣೆಯ ಮುಂದೆ ಕಾದು ಕುಳಿತು ಕೆಲಸ ಮಾಡಿಸಿಕೊಂಡ ಪೋಷಕರಿಗೆ ಇದು ಕಸಿವಿಸಿಯ ಸಂಗತಿಯೇ.

ಆ ಭೇಟಿಗೆ ಮೊದಲು ಅವನು ಮಾಡಬೇಕಾದ ಒಂದು ಕೆಲಸವಿದೆ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಎಂಬ ಸಾರ್ವಜನಿಕ ಜಾಲತಾಣವಿದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಪಾಠ ಯಾವ ಕ್ಯಾಂಪಸ್ಸಿನ ಯಾವ ಪಾಠಕ್ಕೆ ಸಮ ಎಂಬುದು ಅಲ್ಲಿ ಸಾಲುಸಾಲಾಗಿ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್‌ನ ಪಟ್ಟಿಯನ್ನು ಮುದ್ರಿಸಿಕೊಂಡು, ತನ್ನ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಗುರುತು ಹಾಕಲಿ. ಉದಾಹರಣೆಗೆ, ಕ್ಯಾಲ್ಕುಲಸ್ ನಾಲ್ಕು ಭಾಗಗಳಲ್ಲಿ ನಡೆಯುವ ಕಾಲೇಜಿನಲ್ಲಿ ಮೂರು ಭಾಗ ಮುಗಿಸಿ ನಾಲ್ಕನೆಯದನ್ನು ಬಿಟ್ಟಿದ್ದರೆ, ಅಥವಾ ಲೀನಿಯರ್ ಆಲ್ಜೀಬ್ರಾವನ್ನು ಮುಂದೂಡಿದ್ದರೆ, 3.6 ಜಿಪಿಎ ಇದ್ದೂ ಅವನ ಅರ್ಜಿ ಅಪೂರ್ಣವಾಗಿ ಕಂಡಿರಬಹುದು. ಹಾಗಿಲ್ಲದೆ ಪಟ್ಟಿ ಪೂರ್ತಿ ತುಂಬಿದ್ದರೆ ಬೇರೆಯದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಪ್ರವೇಶ ಪಡೆದವರ ಜಿಪಿಎ ಯಾವ ಮಟ್ಟದಲ್ಲಿತ್ತು, ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂಬುದನ್ನು ವಿಶ್ವವಿದ್ಯಾಲಯವೇ ಕ್ಯಾಂಪಸ್ ಹಾಗೂ ವಿಷಯವಾರು ಪ್ರಕಟಿಸುತ್ತದೆ. ಕಂಪ್ಯೂಟರ್ ಸೈನ್ಸ್‌ನ ಸಾಲನ್ನು ಉಳಿದ ವಿಷಯಗಳ ಜೊತೆಗಿಟ್ಟು ನೋಡಿದರೆ, ಇದ್ದ ಬಾಗಿಲುಗಳಲ್ಲಿ ಅತಿ ಇಕ್ಕಟ್ಟಿನವನ್ನೇ ಅವನು ಆರಿಸಿಕೊಂಡಿದ್ದ ಎಂಬುದು ನಿಮಗೂ ಅರ್ಥವಾಗುತ್ತದೆ.

ಮೇಲ್ಮನವಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅರ್ಜಿಯಲ್ಲಿ ಇಲ್ಲದಿದ್ದ, ಹೊಸದಾದ ಮತ್ತು ಬಲವಾದ ಮಾಹಿತಿ ಇದ್ದಾಗ ಮಾತ್ರ ಅದನ್ನು ಪರಿಗಣಿಸುತ್ತಾರೆ. ಅಂಕಪಟ್ಟಿಯಲ್ಲಿ ತಪ್ಪು ನುಸುಳಿದ್ದರೆ ಆಯಾ ಕ್ಯಾಂಪಸ್ ಕೊಟ್ಟ ಗಡುವಿನೊಳಗೆ ಬರೆಯಲಿ. ಮೊದಲು ಹೇಳಿದ್ದನ್ನೇ ಮನ ಕರಗುವಂತೆ ಮತ್ತೆ ಬರೆಯುವುದಾದರೆ ಆ ಶ್ರಮ ಬೇಡ.

ಇನ್ನೊಂದು ವರ್ಷ ಇರುವ ಅವನ ಯೋಚನೆಯನ್ನು ನಾನು ಒಪ್ಪುತ್ತೇನೆ, ಆದರೆ ‘ಬರ್ಕ್ಲಿಗೇ’ ಎಂಬುದರ ಕೊನೆಯ ದೀರ್ಘವನ್ನು ಅವನು ಬಿಡುವುದಾದರೆ ಮಾತ್ರ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು, ನಿಗದಿತ ಪಾಠ ಮತ್ತು ಜಿಪಿಎ ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗೆ ಪ್ರವೇಶದ ಖಾತರಿ ನೀಡುತ್ತವೆ. ಟ್ಯಾಗ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಅವನು ಅರ್ಜಿ ಹಾಕಿದ ಮೂರು ಕ್ಯಾಂಪಸ್‌ಗಳೂ ಇಲ್ಲ. ಟ್ಯಾಗ್ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲಿ, ಒಂದೇ ಕ್ಯಾಂಪಸ್ಸಿಗೆ ಸಲ್ಲಿಸಬೇಕು; ಆಮೇಲೆ ಸಾಮಾನ್ಯ ಅರ್ಜಿಯನ್ನೂ ಹಾಕಬೇಕು, ಅದರಲ್ಲಿ ಬರ್ಕ್ಲಿಯನ್ನೂ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಎಲ್ಲ ವಿಷಯಗಳಿಗೂ ಈ ಖಾತರಿ ಇರುವುದಿಲ್ಲವಾದ್ದರಿಂದ ನೋಡಿಕೊಂಡು ಆರಿಸಬೇಕು: ಸಾಂತಾ ಬಾರ್ಬರಾದಲ್ಲಿ ಕಂಪ್ಯೂಟರ್ ಸೈನ್ಸ್ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದು, ಆ ಕಾಲೇಜು ಟ್ಯಾಗ್‌ನಿಂದ ಹೊರಗಿದೆ. ಇದರ ಜೊತೆಗೆ, ಯುಸಿಗಿಂತ ಶುಲ್ಕ ಕಡಿಮೆಯಿರುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಎರಡು ಮೂರು ಕ್ಯಾಂಪಸ್‌ಗಳನ್ನೂ ಪಟ್ಟಿಗೆ ಸೇರಿಸಲಿ. ಸ್ಯಾನ್ ಹೋಸೆಯಲ್ಲಿರುವ ಕ್ಯಾಂಪಸ್ ಸಿಲಿಕಾನ್ ಕಣಿವೆಯ ನಡುಮಧ್ಯದಲ್ಲೇ ಇದೆ. ಬೆಂಗಳೂರಿನ ಮಾತುಕತೆಗಳಲ್ಲಿ ಅದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ ಎಂಬುದು ಅದರ ದೋಷವಲ್ಲ.

ಐ-20 ವಿಸ್ತರಣೆ ಸಿಗದಿದ್ದರೆ ಈ ವರ್ಷವೇ ಸೀಟು ಹುಡುಕಬೇಕಾಗುತ್ತದೆ. ಇನ್ನೂ ಸೀಟು ಉಳಿದಿರುವ ಕಾಲೇಜುಗಳ ಪಟ್ಟಿಯನ್ನು ಅಮೆರಿಕದ ಕಾಲೇಜು ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘವು ಮೇ ತಿಂಗಳಲ್ಲಿ ಪ್ರಕಟಿಸುತ್ತದೆ, ವರ್ಗಾವಣೆಯ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವವು ಯಾವುವೆಂದೂ ಅದರಲ್ಲಿ ತಿಳಿಯುತ್ತದೆ.

ನಿಮ್ಮ ಯಜಮಾನರ ಮಾತಿನಲ್ಲಿ ಹಣದ ಲೆಕ್ಕ ಸರಿಯಿದೆ, ಕಾಲದ ಲೆಕ್ಕ ತಪ್ಪಿದೆ. ಕೆಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಮುಗಿದಿರುತ್ತದೆ. ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿಸುವ ಡಿಸಿಇಟಿ ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರಿಗಾಗಿ ಇರುವಂಥದ್ದು. ಅಮೆರಿಕದ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನು ಅದರ ಬದಲಿಗೆ ಹಿಡಿದುಕೊಂಡು ಹೋದರೆ ಆಗುವುದಿಲ್ಲ. ಹೀಗಾಗಿ ಬಹುಪಾಲು ಕಡೆ ಮೊದಲ ವರ್ಷದಿಂದಲೇ, ಈಗ ತಾನೇ ಪಿಯುಸಿ ಮುಗಿಸಿದವರ ಜೊತೆ ಕೂರಬೇಕಾದೀತು. ಎರಡು ವರ್ಷದ ಪಾಠಗಳನ್ನು ಪರಿಗಣಿಸುತ್ತೇವೆ ಎಂದು ಯಾವುದಾದರೂ ಖಾಸಗಿ ವಿಶ್ವವಿದ್ಯಾಲಯ ಹೇಳಿದರೆ, ಎಷ್ಟನೆಯ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಇನ್ನೊಂದು ತೊಡಕೂ ಇದೆ: ಟ್ಯಾಗ್ ನಿಯಮದಂತೆ ಯುಸಿ ಪ್ರವೇಶಕ್ಕೆ ಮೊದಲು ಓದಿದ ಕೊನೆಯ ಕಾಲೇಜು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೇ ಆಗಿರಬೇಕು. ಇಲ್ಲಿ ಒಂದು ಸೆಮಿಸ್ಟರ್ ಓದಿ ನೋಡೋಣ ಎಂದು ಹೊರಟರೆ ಆ ದಾರಿ ಮುಚ್ಚುತ್ತದೆ.

ಆದರೂ ಅವರ ಆತಂಕವನ್ನು ತಳ್ಳಿಹಾಕಬೇಡಿ. ಇನ್ನೊಂದು ವರ್ಷದ ಶುಲ್ಕ, ಬಾಡಿಗೆ, ವಿಮೆ, ಆಮೇಲಿನ ಎರಡು ವರ್ಷದ ವಿಶ್ವವಿದ್ಯಾಲಯದ ಖರ್ಚು ಇಷ್ಟನ್ನೂ ಮಗನೇ ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕಳಿಸಲಿ. ಶಿಕ್ಷಣ ಸಾಲ ತೆಗೆದಿದ್ದರೆ, ಕೋರ್ಸಿನ ಅವಧಿ ಬದಲಾಗುವ ವಿಷಯವನ್ನು ಬ್ಯಾಂಕಿಗೆ ಈಗಲೇ ತಿಳಿಸಿ. ಕಂತು ಆರಂಭವಾಗುವ ತಿಂಗಳು ಅದರ ಮೇಲೆ ನಿಂತಿರುತ್ತದೆ.

ನೆಂಟರಿಗೆ, ಇನ್ನೂ ಓದುತ್ತಿದ್ದಾನೆ ಎನ್ನಿ, ಅದು ನಿಜವೇ. ಡಿಎಸ್‌ಒ ಜೊತೆ ಮಾತನಾಡಿದ ಮೇಲೆ ಅವನ ಕರೆಗೆ ನೀವಿಬ್ಬರೂ ಒಟ್ಟಿಗೆ ಕುಳಿತುಕೊಳ್ಳಿ. ಅಲ್ಲಿ ಬೆಳಗಿನ ಒಂಬತ್ತು ಗಂಟೆಯೆಂದರೆ ಈಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿಯೇ ಮಾತಿಗೆ ಕೂರಬಹುದು.